ಹೊಟ್ಟೆಗೆ ಹಾಕಿಕೊಂಡದ್ದು ಎಲ್ಲಿ ಹೋಗುತ್ತದೆ?
('ಶರಪಂಜರ'ವನ್ನು ಮತ್ತೆ ನೋಡಿದ ನೆಪದಲ್ಲಿ, ಕ್ಷಮೆಯ ಬಗ್ಗೆ ನಾಲ್ಕು ಮಾತು)



ಈ ಸಲದ ಚಳಿಗಾಲದಲ್ಲಿ ಒಂದು ಶನಿವಾರ ಸಂಜೆ ಮೆಲ್ಬರ್ನಿನ ಗೆಳೆಯರೊಬ್ಬರ ಮನೆಯಲ್ಲಿ ನಾಲ್ಕೈದು ಸಂಸಾರಗಳು ಸೇರಿದ್ದೆವು. ಬಿಸಿಬೇಳೆ ಭಾತ್, ಮೊಸರನ್ನ ಎಲ್ಲ ಮುಗಿದ ಮೇಲೆ ಮನೆಯಾಕೆ 'ಶರಪಂಜರ' ಹಾಕಿದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ಚಿತ್ರ. ನಮ್ಮ ವಯಸ್ಸಿನವರಿಗೆ ಅದು ಅಮ್ಮನ ಪಕ್ಕದಲ್ಲಿ ಕೂತು ದೂರದರ್ಶನದಲ್ಲಿ ನೋಡಿದ ಸಿನಿಮಾ. ಕಲ್ಪನಾ ಅತ್ತರೆ ಅಮ್ಮನೂ ಅಳುತ್ತಿದ್ದರು, ಅಮ್ಮ ಅತ್ತರೆ ನಾವು ಎದ್ದು ಹೊರಗೆ ಆಡಲು ಹೋಗುತ್ತಿದ್ದೆವು. ಹಾಗಾಗಿ ಇಡೀ ಚಿತ್ರವನ್ನು ಒಂದೇ ಕೂತಿನಲ್ಲಿ ನೋಡಿದ್ದು ಬಹುಶಃ ಇದೇ ಮೊದಲು.

ಚಿತ್ರ ಮುಗಿಯಿತು. ಹೆಂಗಸರು ಸೆರಗಿಲ್ಲದ ಕಾರಣ ಟಿಶ್ಯೂ ಪೇಪರಿನಲ್ಲಿ ಕಣ್ಣೊರೆಸಿಕೊಂಡರು. ಗಂಡಸರು ಕಾಫಿಯ ಬಗ್ಗೆ ವಿಚಾರಿಸಿದರು. ಆಗ ಗೆಳೆಯರ ಮಗಳು, ಇಲ್ಲೇ ಹುಟ್ಟಿ ಇಲ್ಲೇ ಬೆಳೆದು ಈಗ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿರುವ ಹುಡುಗಿ, ನಮ್ಮ ಕಡೆ ತಿರುಗಿ ಕೇಳಿದಳು: "ಅಂಕಲ್, ಇಷ್ಟೆಲ್ಲಾ ಆಯ್ತು. ಆದ್ರೆ ಯಾರೂ ಯಾರಿಗೂ ಸಾರಿ ಹೇಳಲೇ ಇಲ್ವಲ್ಲ?"

ಅವಳ ತಾಯಿ ತಕ್ಷಣ, "ಗಂಡ ಹೆಂಡ್ತಿ ಮಧ್ಯೆ ಸಾರಿ ಗೀರಿ ಏನೇ?" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಕಾರಿನಲ್ಲಿ ಮನೆಗೆ ಬರುವಾಗ ಆ ಪ್ರಶ್ನೆ ಹಿಂದಿನ ಸೀಟಿನಲ್ಲಿ ಕೂತುಕೊಂಡು ಬಂತು. ಈ ಲೇಖನ ಅದಕ್ಕೆ ಕೊಟ್ಟ ತಡವಾದ ಉತ್ತರ. ಚಿತ್ರದ ವಿಮರ್ಶೆ ಎಂದು ಶುರುಮಾಡಿದ್ದು ಮುಗಿಯುವಷ್ಟರಲ್ಲಿ ನಮ್ಮದೇ ವಿಮರ್ಶೆಯಾಯಿತು. ಓದುಗರು ಕ್ಷಮಿಸಬೇಕು ಎಂದು ಬರೆಯಲು ಹೊರಟು, ಆ ಪದವನ್ನು ಅಷ್ಟು ಸುಲಭವಾಗಿ ಬಳಸಬಾರದೆಂದು ಬಿಟ್ಟಿದ್ದೇವೆ.

ಕಥೆ ಎಲ್ಲರಿಗೂ ಗೊತ್ತು. ಕಾವೇರಿ ಮತ್ತು ಸತೀಶ ಪ್ರೀತಿಸಿ ಮದುವೆಯಾದವರು. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಆ ಸ್ಥಿತಿಯಲ್ಲಿ, ಮದುವೆಗೆ ಮುಂಚೆ ಕಾಲೇಜಿನ ದಿನಗಳಲ್ಲಿ ನಡೆದ ಒಂದು ಘಟನೆ ಅವಳ ಬಾಯಿಂದ ಹೊರಬರುತ್ತದೆ. ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಗುಣವಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಶುರುವಾಗುವುದೇ ನಿಜವಾದ ಕಥೆ. ಅವಳು ನಕ್ಕರೆ ಅನುಮಾನ, ಕೋಪಿಸಿಕೊಂಡರೆ ಭಯ. ನೆರೆಹೊರೆಯವರಿಗೆ ಅವಳು ಹುಚ್ಚಾಸ್ಪತ್ರೆಯಿಂದ ಬಂದವಳು. ಗಂಡನಿಗೆ ಅದರ ಮೇಲೆ ಇನ್ನೊಂದು ಮುಳ್ಳು, ಆ ಹಳೆಯ ಘಟನೆಯದು. ಇಷ್ಟರಲ್ಲಿ ಅವನೇ ಬೇರೊಬ್ಬಳ ಸಂಗದಲ್ಲಿದ್ದಾನೆ. ಅದು ಕಾವೇರಿಗೆ ತಿಳಿದಾಗ ಅವಳು ಮತ್ತೆ ಮುರಿದು ಬೀಳುತ್ತಾಳೆ.

ಹುಡುಗಿ ಹೇಳಿದ್ದು ಸರಿ. ಈ ಚಿತ್ರದಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಎಲ್ಲರೂ ಕಾವೇರಿಯನ್ನು ಕ್ಷಮಿಸಿದ್ದೇವೆ ಎಂದುಕೊಂಡಿದ್ದಾರೆ. ಮನೆಗೆ ವಾಪಸು ಕರೆದುಕೊಂಡಿಲ್ಲವೇ? ಊಟ, ಬಟ್ಟೆ, ಔಷಧಿಗೆ ಕಡಿಮೆ ಮಾಡಿಲ್ಲವಲ್ಲ? ಸತೀಶ ಕೆಟ್ಟವನೆಂದು ಪುಟ್ಟಣ್ಣನವರು ತೋರಿಸುವುದಿಲ್ಲ. ಅವನು ನಮ್ಮ ನಿಮ್ಮಂತಹ ಸಭ್ಯ ಮನುಷ್ಯ. 'ನಿನ್ನ ಹಳೆಯ ವಿಷಯ ಕೇಳಿದ ಮೇಲೆ ನನಗೆ ತಡೆಯಲಾಗುತ್ತಿಲ್ಲ' ಎಂದು ಒಂದು ಮಾತು ಆಡಿದ್ದರೆ ಜಗಳವಾಗುತ್ತಿತ್ತು, ಅಳು ಬರುತ್ತಿತ್ತು, ಬಹುಶಃ ಬೆಳಗಾಗುವಷ್ಟರಲ್ಲಿ ಇಬ್ಬರೂ ಒಂದು ದಡಕ್ಕೆ ಬರುತ್ತಿದ್ದರು. ಅವನು ಆಡುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತಾನೆ. ಇಟ್ಟುಕೊಂಡದ್ದು ಅವನ ಕಣ್ಣಿನಲ್ಲಿ, ಧ್ವನಿಯಲ್ಲಿ, ಮನೆಗೆ ತಡವಾಗಿ ಬರುವುದರಲ್ಲಿ ಸೋರುತ್ತದೆ. ಕಾವೇರಿಯ ಸುತ್ತ ಕಟ್ಟಿದ ಪಂಜರದ ಬಾಣಗಳಲ್ಲಿ ಹೆಚ್ಚಿನವು ಆಡದೆ ಉಳಿದ ಮಾತುಗಳು. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. ಶೀರ್ಷಿಕೆಯನ್ನು ಸುಮ್ಮನೆ ಇಟ್ಟಿಲ್ಲ.

ವೈದ್ಯರಾಗಿ ಒಂದು ಮಾತು ಸೇರಿಸಬೇಕು. ಕಾವೇರಿಗೆ ಬಂದ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ. ತುರ್ತಾಗಿ ನೋಡಬೇಕಾದ ಕಾಯಿಲೆ, ಆದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಇರುವುದರಿಂದ ಮೊದಲೇ ಎಚ್ಚರಿಕೆ ಬೇಕು. ಈಗ ತಾಯಿಯನ್ನು ಮಗುವಿನಿಂದ ದೂರ ಮಾಡದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡುಗಳಿವೆ. ಇಲ್ಲಿ ಮೆಲ್ಬರ್ನಿನಲ್ಲಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 2009ರಿಂದ ಇದೆ. ಅಂದರೆ ಕಾವೇರಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಮಾಡದ ತಪ್ಪಿಗೆ ಅವಳನ್ನು 'ಕ್ಷಮಿಸಿ' ಮನೆಗೆ ಸೇರಿಸಿಕೊಂಡರು. ತಪ್ಪು ಮಾಡಿದ ಗಂಡನನ್ನು ಕ್ಷಮಿಸುವ ಪ್ರಸಂಗವೇ ಬರಲಿಲ್ಲ, ಏಕೆಂದರೆ ಅವನ ತಪ್ಪು ತಪ್ಪೆಂದು ಯಾರ ಬಾಯಲ್ಲೂ ಬರಲಿಲ್ಲ.

ಇದು ಒಂದು ಸಿನಿಮಾದ ಮಾತಲ್ಲ, ನಮ್ಮ ಭಾಷೆಯಲ್ಲೇ ಇದೆ. 'ಕ್ಷಮೆ' ಸಂಸ್ಕೃತದ ದೊಡ್ಡ ಪದ. ಭಾಷಣದಲ್ಲಿ, ಲಗ್ನಪತ್ರಿಕೆಯಲ್ಲಿ ಬರುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಅಡುಗೆಮನೆಯ ಕನ್ನಡದಲ್ಲಿ ನಾವು ಹೇಳುವುದು, "ನಮ್ಮಿಂದ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ." ಮಗಳನ್ನು ಧಾರೆ ಎರೆದುಕೊಟ್ಟ ತಂದೆ ಬೀಗರಿಗೆ ಕೈಮುಗಿದು ಹೇಳುವ ಮಾತು ಇದೇ. ಬಹಳ ಸುಂದರವಾದ ಮಾತು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆವು. ತಾಯಿ ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಾಗೆ ತಪ್ಪನ್ನೂ ಇಟ್ಟುಕೊಳ್ಳಿ ಎಂಬ ಅರ್ಥ ಅದರಲ್ಲಿದೆ. ಆದರೆ ಲೆಕ್ಕ ಹಾಕಿ ನೋಡಿ. ತಪ್ಪು ನಮ್ಮದು, ಹೊಟ್ಟೆ ನಿಮ್ಮದು! ಏನು ಹೆಚ್ಚಾಯಿತು, ಏನು ಕಮ್ಮಿಯಾಯಿತು ಎಂದು ನಾವು ಹೇಳುವುದಿಲ್ಲ. ಜೀರ್ಣಿಸಿಕೊಳ್ಳುವ ಕೆಲಸ ಮಾತ್ರ ನೊಂದವರದು.

ಇನ್ನೂ ಮಾತುಗಳಿವೆ. 'ಹೋಗಲಿ ಬಿಡು.' 'ಆದದ್ದಾಯ್ತು.' 'ಹಳೇದನ್ನ ಕೆದಕಬಾರದು.' ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆಯಲ್ಲೂ ಪರಿಹಾರ ಊಟದಲ್ಲೇ ಇದೆ, ಮಾತಿನಲ್ಲಿಲ್ಲ. ದೇವರ ಹತ್ತಿರ ಮಾತ್ರ ನಮ್ಮ ಲೆಕ್ಕ ಚೊಕ್ಕ. ಹರಕೆ ಮರೆತರೆ ಹಳದಿ ಬಟ್ಟೆಯಲ್ಲಿ ತಪ್ಪು ಕಾಣಿಕೆ ಕಟ್ಟಿಡುತ್ತೇವೆ, ಇಂಥ ತಪ್ಪಿಗೆ ಇಂತಿಷ್ಟು ಎಂದು. ಮನುಷ್ಯರಿಗೆ ತಪ್ಪು ಕಾಣಿಕೆ ಕೊಟ್ಟವರನ್ನು ನಾವು ನೋಡಿಲ್ಲ. ಅದರಲ್ಲೂ ಹಿರಿಯರು ಕಿರಿಯರಿಗೆ, ಗಂಡ ಹೆಂಡತಿಗೆ, ಅತ್ತೆ ಸೊಸೆಗೆ 'ನನ್ನದು ತಪ್ಪಾಯಿತು' ಅನ್ನುವುದೇ? ದೊಡ್ಡವರು ಕೈಮುಗಿದರೆ ಚಿಕ್ಕವರ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹೀಗೆ ಕ್ಷಮೆ ಕೇಳುವುದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ನುಂಗಿಕೊಳ್ಳುವುದೂ ಕೆಳಗಿನವರೇ. ಹೆಂಡತಿ ಭೂಮಿಯಂತೆ ಸಹಿಸಿಕೊಳ್ಳಬೇಕು ಎನ್ನುವ ಶ್ಲೋಕದ ಅರ್ಥವನ್ನು ಎಷ್ಟು ಮದುವೆ ಮನೆಗಳಲ್ಲಿ ಪುರೋಹಿತರಿಂದ ಕೇಳಿಲ್ಲ!

ಈಗ ಈ ದೇಶದ ಕಡೆ ಬರೋಣ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ನಾವು ರೆಸಿಡೆನ್ಸಿಗೆ ಬಂದದ್ದು ಸಿಡ್ನಿಗೆ. ಬಂದ ಹೊಸದರಲ್ಲಿ ನಮ್ಮ ಕಿವಿಗೆ ಹೆಚ್ಚು ಬಿದ್ದ ಪದ 'ಸಾರಿ'. ಟ್ರಾಲಿ ತಾಗಿದರೆ ಸಾರಿ, ತಾಗದಿದ್ದರೂ ಸಾರಿ. ನಾವೇ ಹೋಗಿ ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಿದ್ದರು. ಎಷ್ಟು ಅಗ್ಗದ ಪದ ಎಂದು ಹಾಸ್ಟೆಲಿನಲ್ಲಿ ನಾವು ಭಾರತೀಯರೆಲ್ಲ ಸೇರಿ ನಗುತ್ತಿದ್ದೆವು.

2000ನೇ ಇಸವಿ ಮೇ 28, ಭಾನುವಾರ. ಸಿಡ್ನಿ ಹಾರ್ಬರ್ ಸೇತುವೆಯ ಮೇಲೆ ಸುಮಾರು ಎರಡೂವರೆ ಲಕ್ಷ ಜನ ನಡೆದರು. ಮೂಲನಿವಾಸಿಗಳ ಜೊತೆ ಸಮಾಧಾನ ಬಯಸಿದ ನಡಿಗೆ ಅದು. ನಮಗೆ ಅಂದು ಡ್ಯೂಟಿ. ಒಂದು ಪುಟ್ಟ ವಿಮಾನ ಹೊಗೆಯಲ್ಲಿ ಆಕಾಶದ ಮೇಲೆ ಅದೇ ಅಗ್ಗದ ಪದವನ್ನು ಬರೆಯಿತು: 'ಸಾರಿ'. ಅದರ ಹಿಂದಿನ ಕಥೆ ಆಗ ನಮಗೆ ಸರಿಯಾಗಿ ಗೊತ್ತಿರಲಿಲ್ಲ. 1910ರಿಂದ 1970ರವರೆಗೆ ಸರಕಾರಗಳೂ ಚರ್ಚುಗಳೂ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಆಶ್ರಮಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದ ಕಥೆ. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳು ಹೀಗೆ ಹೋದರು ಎಂದು 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿ ಹೇಳಿತು. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಸಂಸತ್ತುಗಳು ಅದೇ ವರ್ಷ ಕ್ಷಮೆ ಕೇಳಿದವು. ಪ್ರಧಾನಿ ಜಾನ್ ಹೊವಾರ್ಡ್ ಒಪ್ಪಲಿಲ್ಲ. 1999ರಲ್ಲಿ ವಿಷಾದ ಸೂಚಿಸುವ ನಿರ್ಣಯ ತಂದರೇ ಹೊರತು ಆ ಒಂದು ಪದ ಆಡಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಒಂದು ದೇಶ ಒಂದು ಪದಕ್ಕಾಗಿ ಜಗಳವಾಡಿತು! ಅಗ್ಗದ ಪದವಾಗಿದ್ದರೆ ಯಾರಾದರೂ ಹಾಗೆ ಜಗಳವಾಡುತ್ತಾರೆಯೇ?

ಮುಂದೆ ನಾವು ಮೆಲ್ಬರ್ನಿಗೆ ಬಂದೆವು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಕ್ಯಾನ್ಬೆರಾದ ಸಂಸತ್ತಿನಲ್ಲಿ ಎದ್ದು ನಿಂತು ಆ ಪದವನ್ನು ಆಡಿದರು. ಇಲ್ಲಿನ ಫೆಡರೇಷನ್ ಸ್ಕ್ವೇರಿನ ದೊಡ್ಡ ಪರದೆಯ ಮುಂದೆ ಸಾವಿರಾರು ಜನ ನಿಂತು ಕೇಳಿದರು, ಮುದುಕರು ಅತ್ತರು. ಆ ವಾರ ನಮ್ಮ ಕನ್ನಡ ಬಳಗದ ಒಂದು ಊಟದಲ್ಲಿ ಇದೇ ಮಾತು. "ನಾವು ಮೊನ್ನೆ ಮೊನ್ನೆ ಬಂದೋರು. ನಮ್ಮ ತಾತ ಯಾರ ಮಗೂನೂ ಕಿತ್ಕೊಂಡಿಲ್ಲ. ನಮಗ್ಯಾಕೆ ಇದು?" ಎಂದರು ಒಬ್ಬರು. ನಾವೂ ತಲೆಯಾಡಿಸಿದೆವು. ಇವತ್ತು ಕೇಳಿದ್ದರೆ ತಲೆಯಾಡಿಸುತ್ತಿರಲಿಲ್ಲ. ಮನೆ ಕೊಂಡವರಿಗೆ ಮನೆಯ ಹಳೆಯ ಸಾಲವೂ ಸ್ವಲ್ಪ ಅಂಟುತ್ತದೆ. ಊರಿನಲ್ಲಿ ನಮ್ಮ ತಾತಂದಿರು ಯಾರನ್ನು ಹೊಸಿಲ ಹೊರಗೆ ನಿಲ್ಲಿಸಿದ್ದರು, ಯಾರಿಗೆ ಎತ್ತರದಿಂದ ನೀರು ಹಾಕಿದ್ದರು ಎಂದು ಯೋಚಿಸಿದರೆ, ಆ ಲೆಕ್ಕಕ್ಕೆ ಯಾರೂ ಇನ್ನೂ ಪದವನ್ನೇ ಹುಡುಕಿಲ್ಲ. ಅವರೂ ಹೊಟ್ಟೆಗೆ ಹಾಕಿಕೊಳ್ಳಲಿ ಎಂದು ಬಿಟ್ಟಿದ್ದೇವೆ.

ಹಾಗೆಂದು ಇವರ ಸಾರಿಯನ್ನು ತಲೆಯ ಮೇಲೆ ಹೊರಬೇಕಿಲ್ಲ. ಪದ ಆಡಿದ ಮೇಲೂ ಮೂಲನಿವಾಸಿ ಮಕ್ಕಳು ತಮ್ಮ ಸಂಖ್ಯೆಗೆ ಮೀರಿ ಸರಕಾರದ ಪಾಲನೆಗೆ ಹೋಗುತ್ತಲೇ ಇದ್ದಾರೆ. ಹೇಳಿದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳುವುದು ಇಲ್ಲಿನವರ ರೋಗ, ಹೇಳದೆಯೇ ಮುಗಿಯಿತು ಎಂದುಕೊಳ್ಳುವುದು ನಮ್ಮ ರೋಗ.

ಈ ಎರಡು ರೋಗಗಳೂ ಒಂದೇ ಕೋಣೆಯಲ್ಲಿ ಎದುರಾದದ್ದನ್ನು ನಾವು ಒಮ್ಮೆ ಕಂಡಿದ್ದೇವೆ. ಮೆಲ್ಬರ್ನಿಗೆ ಮಗಳ ಮನೆಗೆ ಬಂದಿದ್ದ ಹಾಸನ ಕಡೆಯ ಒಬ್ಬ ಅಜ್ಜಿ ನ್ಯುಮೋನಿಯಾ ಆಗಿ ನಮ್ಮ ವಾರ್ಡಿಗೆ ಸೇರಿದರು. ಪೆನ್ಸಿಲಿನ್ ಆಗುವುದಿಲ್ಲ ಎಂದು ಮಗಳು ನಮಗೆ ಹೇಳಿದ್ದರು. ಬರೆದುಕೊಳ್ಳಬೇಕಾದವರು ನಾವು, ಬರೆದುಕೊಳ್ಳಲಿಲ್ಲ. ಅದೇ ಜಾತಿಯ ಔಷಧಿ ಹೋಯಿತು. ಮೈಯೆಲ್ಲ ದದ್ದು, ಉಸಿರಾಟದ ಕಷ್ಟ, ಒಂದು ರಾತ್ರಿ ಎಲ್ಲರಿಗೂ ಜೀವ ಕೈಯಲ್ಲಿ. ದೇವರ ದಯೆ, ಎರಡು ದಿನದಲ್ಲಿ ಚೇತರಿಸಿಕೊಂಡರು.

ಇಲ್ಲಿನ ಆಸ್ಪತ್ರೆಗಳಲ್ಲಿ ಇಂಥದ್ದಕ್ಕೆ ಒಂದು ಕ್ರಮವಿದೆ. 2003ರಲ್ಲಿ ದೇಶಕ್ಕೆಲ್ಲ ಒಂದು ಮಾದರಿ ಬಂತು, 2013ರಲ್ಲಿ ಅದನ್ನು ಪರಿಷ್ಕರಿಸಿದರು. ರೋಗಿಯ ಮುಂದೆ ಕೂತು ಏನಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದರಲ್ಲಿ 'ಸಾರಿ' ಎಂಬ ಪದ ಇರಲೇಬೇಕು. ಕೋರ್ಟಿನ ಹೆದರಿಕೆಯಿಂದ ವೈದ್ಯರು ಬಾಯಿ ಮುಚ್ಚಿಕೊಳ್ಳಬಾರದೆಂದು ಕಾನೂನೂ ದಾರಿ ಮಾಡಿದೆ. ನ್ಯೂ ಸೌತ್ ವೇಲ್ಸ್‌ನ 2002ರ ಸಿವಿಲ್ ಲಯಬಿಲಿಟಿ ಕಾಯಿದೆಯ ಪ್ರಕಾರ ಕ್ಷಮೆ ಕೇಳಿದರೆ ತಪ್ಪೊಪ್ಪಿಗೆಯಾಗುವುದಿಲ್ಲ. ವಿಕ್ಟೋರಿಯಾದಲ್ಲಂತೂ 2022ರಿಂದ, ಗಂಭೀರ ಹಾನಿಯಾದಾಗ ಹೀಗೆ ಹೇಳುವುದು ಆಸ್ಪತ್ರೆಗೆ ಕಾನೂನಿನ ಕರ್ತವ್ಯವೇ ಆಗಿದೆ.

ನಾವು ಕೂತೆವು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳು ಅಜ್ಜಿಯ ಮುಂದೆ ನಾಲಿಗೆಗೆ ಬರಲಿಲ್ಲ. ಕನ್ನಡದಲ್ಲಿ, "ಅಮ್ಮಾ, ನಮ್ಮ ತಪ್ಪಿನಿಂದ ನಿಮಗೆ ಹೀಗಾಯಿತು" ಎಂದು ಶುರುಮಾಡುವಷ್ಟರಲ್ಲಿ ಅವರು ನಮ್ಮ ಕೈ ಹಿಡಿದುಕೊಂಡರು. "ಅಯ್ಯೋ ಬಿಡಪ್ಪಾ, ನೀನೇನು ಬೇಕು ಅಂತ ಮಾಡಿದ್ಯಾ? ನನ್ನ ಹಣೇಲಿ ಬರೆದಿತ್ತು. ಮುಖ ಯಾಕೆ ಹಾಗೆ ಬಾಡಿದೆ? ಊಟ ಮಾಡಿದ್ಯೋ ಇಲ್ವೋ?"

ನಮ್ಮ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನೇನು ಎದ್ದುಬಿಡೋಣ ಎನ್ನುವಷ್ಟರಲ್ಲಿ, ಗೋಡೆಗೆ ಒರಗಿ ನಿಂತಿದ್ದ ಮಗಳು, "ಅಮ್ಮ, ನೀನು ಬಿಡು ಅನ್ನಬೇಡ. ಡಾಕ್ಟ್ರು ಪೂರ್ತಿ ಹೇಳ್ಲಿ" ಎಂದರು. ಪೂರ್ತಿ ಹೇಳಿದೆವು. ಮಗಳು ಹೇಳಿದ್ದನ್ನು ನಾವು ಕೇಳಿಸಿಕೊಂಡೂ ಬರೆಯದೆ ಹೋದದ್ದು, ಮಾತ್ರೆ ಕೊಡುವ ಮುಂಚೆ ನರ್ಸು ನೋಡಿದ ಕಾಗದ ಆದ್ದರಿಂದ ಖಾಲಿಯಿದ್ದದ್ದು, ಇನ್ನು ಮುಂದೆ ಏನು ಮಾಡುತ್ತೇವೆ ಎಂಬುದು. ಹೇಳುವುದಕ್ಕೆ ಹತ್ತು ನಿಮಿಷ ಸಾಕಾಯಿತು. ನಮ್ಮ ವೃತ್ತಿಜೀವನದ ಅತಿ ಉದ್ದದ ಹತ್ತು ನಿಮಿಷ ಅದು.

ಅಜ್ಜಿಯ ಕ್ಷಮೆ ದೊಡ್ಡದೋ, ಮಗಳ ಪಟ್ಟು ದೊಡ್ಡದೋ? ಅಜ್ಜಿಯ ಮಾತು ನಮ್ಮನ್ನು ಬದುಕಿಸಿತು, ಸುಳ್ಳಲ್ಲ. ಆದರೆ ಆ ಹತ್ತು ನಿಮಿಷದ ನಂತರ ನಾವು ಒಬ್ಬ ರೋಗಿಗೂ ಆ ಪ್ರಶ್ನೆ ಕೇಳದೆ, ಬರೆಯದೆ ಬಿಟ್ಟಿಲ್ಲ. ಅಜ್ಜಿ 'ಬಿಡಪ್ಪಾ' ಅಂದಷ್ಟಕ್ಕೇ ಮುಗಿದಿದ್ದರೆ ನಾವು ಮರೆಯುತ್ತಿದ್ದೆವೋ ಏನೋ.

ಎವರೆಟ್ ವರ್ತಿಂಗ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕ್ಷಮೆಯಲ್ಲಿ ಎರಡು ಬಗೆ ಮಾಡುತ್ತಾರೆ. ಒಂದು, ಇನ್ನು ಇವನ ಮೇಲೆ ಸೇಡು ತೀರಿಸುವುದಿಲ್ಲ, ಇವನ ಜೊತೆ ಸರಿಯಾಗಿ ನಡೆದುಕೊಳ್ಳುತ್ತೇನೆ ಎಂಬ ತೀರ್ಮಾನ. ಇನ್ನೊಂದು, ಒಳಗಿನ ಕಹಿ ನಿಜವಾಗಿ ಕರಗುವುದು. ಮನೆ, ಬಳಗ, ಸಾಮರಸ್ಯಕ್ಕೆ ಬೆಲೆ ಕೊಡುವ ನಮ್ಮಂತಹ ಸಮಾಜಗಳಲ್ಲಿ ಮೊದಲನೆಯದಕ್ಕೆ ಒತ್ತು ಹೆಚ್ಚು ಎಂದು ಅವರೂ ಸಂಗಡಿಗರೂ ಹೇಳಿದ್ದಾರೆ. ಸತೀಶ ಮಾಡಿದ್ದು ಮೊದಲನೆಯದು. ಎರಡನೆಯದು ಆಯಿತೋ ಇಲ್ಲವೋ ಎಂದು ಅವನೂ ನೋಡಿಕೊಳ್ಳಲಿಲ್ಲ, ನಾವೂ ಯಾರೂ ನೋಡಿಕೊಳ್ಳುವುದಿಲ್ಲ.

ಎರಡನ್ನೂ ಬಾಯಿ ಬಿಟ್ಟು ಹೇಳಿದ ಒಂದು ಸಂಸಾರವನ್ನು ನಮ್ಮ ಸಿಡ್ನಿಯ ಓದುಗರು ಮರೆತಿರಲಾರರು. 2020ರ ಫೆಬ್ರವರಿ 1, ಪ್ಯಾರಮಟ್ಟಾ ಪಕ್ಕದ ಓಟ್‌ಲ್ಯಾಂಡ್ಸ್. ಐಸ್‌ಕ್ರೀಮಿಗೆಂದು ಫುಟ್‌ಪಾತಿನಲ್ಲಿ ನಡೆದು ಹೋಗುತ್ತಿದ್ದ ಮಕ್ಕಳ ಮೇಲೆ ಕುಡಿದು ಓಡಿಸುತ್ತಿದ್ದವನ ವಾಹನ ಹರಿಯಿತು. ಡ್ಯಾನಿ ಮತ್ತು ಲೀಲಾ ಅಬ್ದಲ್ಲಾ ದಂಪತಿಯ ಮೂವರು ಮಕ್ಕಳು, ಜೊತೆಗೆ ಅವರ ನೆಂಟರ ಹುಡುಗಿ, ಒಟ್ಟು ನಾಲ್ಕು ಮಕ್ಕಳು ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ತಾಯಿ ಅದೇ ರಸ್ತೆಯ ಬದಿಯಲ್ಲಿ ನಿಂತು, ತಾನು ಅವನನ್ನು ದ್ವೇಷಿಸಲಾರೆ, ಕ್ಷಮಿಸುತ್ತೇನೆ, ಆದರೆ ಕೋರ್ಟು ನ್ಯಾಯವಾಗಿ ನಡೆದುಕೊಳ್ಳಲಿ ಎಂದರು. ಲೆಬನಾನಿನ ಮ್ಯಾರನೈಟ್ ಕ್ರೈಸ್ತರು ಅವರು. ಚಿಕ್ಕಂದಿನಿಂದ ಪ್ರಾರ್ಥನೆಯಲ್ಲಿ ದಿನವೂ ಆಡಿದ ಮಾತು ಆ ಹೊತ್ತಿಗೆ ಬಾಯಿಗೆ ಬಂತು. ಮರುವರ್ಷದಿಂದ ಫೆಬ್ರವರಿ 1 ಕ್ಷಮೆಯ ದಿನವಾಗಿ ನಡೆಯುತ್ತಿದೆ. ಚಾಲಕನಿಗೆ 2021ರಲ್ಲಿ 28 ವರ್ಷ ಶಿಕ್ಷೆಯಾಗಿ, 2022ರ ಮೇಲ್ಮನವಿಯಲ್ಲಿ ಅದು 20ಕ್ಕೆ ಇಳಿಯಿತು.

ಆಗ ನಮ್ಮ ಬಳಗದಲ್ಲಿ ಬಂದ ಪ್ರತಿಕ್ರಿಯೆ ಎರಡು. "ಆ ತಾಯಿ ದೇವತೆ" ಎಂಬುದೊಂದು. "ಹೆತ್ತ ಹೊಟ್ಟೆ ಹಾಗೆ ಹೇಳೋಕೆ ಸಾಧ್ಯಾನಾ?" ಎಂಬುದು ಇನ್ನೊಂದು. ಎರಡರಲ್ಲೂ ಆಕೆ ಹೇಳಿದ್ದರ ಅರ್ಧವನ್ನು ನಾವು ಕೇಳಿಸಿಕೊಳ್ಳಲೇ ಇಲ್ಲ. ಕ್ಷಮೆ ಬೇರೆ, ನ್ಯಾಯ ಬೇರೆ ಎಂದು ಆಕೆ ಎರಡು ಪಾತ್ರೆಗಳಲ್ಲಿ ಇಟ್ಟರು. ನಾವು ಎರಡನ್ನೂ ಒಂದೇ ಪಾತ್ರೆಗೆ ಸುರಿಯುತ್ತೇವೆ. ಕ್ಷಮಿಸಿದರೆ ಪೊಲೀಸಿಗೆ ಹೋಗಬಾರದು, ಹೋದರೆ ಕ್ಷಮಿಸಲಿಲ್ಲ ಎಂದು. ಗಂಡನ ಏಟಿನ ಗುರುತು ಹೊತ್ತು ಬಂದ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ನಾವು ಆಸ್ಪತ್ರೆಯಲ್ಲಿ ಕಂಡಿದ್ದೇವೆ. ಅವರ ಜೊತೆ ಬಂದ ಹಿರಿಯರು 'ಹೊಟ್ಟೆಗೆ ಹಾಕ್ಕೊಳಮ್ಮ' ಅನ್ನುವುದನ್ನೂ ಕೇಳಿದ್ದೇವೆ. ಸತೀಶನ ಸಭ್ಯತೆಗೂ ಈ ಹಿರಿಯರ ಸಭ್ಯತೆಗೂ ದೂರ ಬಹಳವಿಲ್ಲ. ಕ್ಷಮಿಸಿ ಬಿಡುವುದು ಅವಳ ಇಷ್ಟ, ಏಟು ನಿಲ್ಲುವುದು ಅವಳ ಹಕ್ಕು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಕಿತ್ತುಕೊಳ್ಳಬಾರದು.

ಹಾಗಾದರೆ ನಮ್ಮಲ್ಲಿ ಬಾಯಿ ಬಿಟ್ಟು ಕೇಳುವ ದಾರಿಯೇ ಇರಲಿಲ್ಲವೇ? ಇತ್ತು, ಇದೆ. ಕರ್ನಾಟಕದ ಜೈನರು ಭಾದ್ರಪದದಲ್ಲಿ ಆಚರಿಸುವ ದಶಲಕ್ಷಣ ಪರ್ವದ ಮೊದಲ ದಿನವೇ ಉತ್ತಮ ಕ್ಷಮೆಯದು. ಪರ್ವ ಮುಗಿದ ಮೇಲೆ ಚಿಕ್ಕವರು ದೊಡ್ಡವರು ಎನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ವರ್ಷಕ್ಕೊಮ್ಮೆ ಎಲ್ಲರೂ ಕೇಳುವುದರಿಂದ ಯಾರಿಗೂ ಅವಮಾನವಿಲ್ಲ. ಇದಕ್ಕಿಂತ ಜಾಣ ಏರ್ಪಾಡನ್ನು ನಾವು ಕಂಡಿಲ್ಲ.

ಇನ್ನೊಂದು, ಕುವೆಂಪು. 'ಶ್ರೀ ರಾಮಾಯಣ ದರ್ಶನಂ'ಗೆ 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠ ಬಂದದ್ದು ನಮಗೆಲ್ಲ ಗೊತ್ತು, ಓದಿದವರು ಕಡಿಮೆ. ವಾಲ್ಮೀಕಿಯಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳಿಯುತ್ತಾಳೆ, ರಾಮ ದಡದಲ್ಲಿ ನಿಂತಿರುತ್ತಾನೆ. ಕುವೆಂಪು ಅವರ ರಾಮ ನಿಲ್ಲುವುದಿಲ್ಲ. ಸೀತೆಯ ಹಿಂದೆ ತಾನೂ ಬೆಂಕಿಯನ್ನು ಹೊಕ್ಕು ಅವಳ ಜೊತೆ ಹೊರಬರುತ್ತಾನೆ. ಪರೀಕ್ಷೆ ಕೇಳಿದವನೂ ಪರೀಕ್ಷೆಗೆ ಒಳಗಾಗಬೇಕು ಎಂದು ಶಿವಮೊಗ್ಗದ ಕಾಡಿನ ಕವಿ ಆದಿಕವಿಯನ್ನೇ ತಿದ್ದಿದರು. 'ಶರಪಂಜರ'ದ ಸತೀಶ ಮಾಡದೆ ಹೋದದ್ದು ಇದನ್ನೇ. ಕಾವೇರಿ ಬೆಂಕಿಯಲ್ಲಿದ್ದಳು, ಅವನು ದಡದಲ್ಲಿದ್ದ. ಹೀಗಾಗಿ ಆ ಹುಡುಗಿಗೆ ನಮ್ಮ ಉತ್ತರ: ಮಗೂ, ನೀನು ಕೇಳಿದ ಪ್ರಶ್ನೆ ಆಸ್ಟ್ರೇಲಿಯಾದ್ದು ಎಂದು ನಿಮ್ಮಮ್ಮ ಅಂದುಕೊಂಡರು. ಅದು ಕುಪ್ಪಳಿಯದೂ ಹೌದು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾವು ದೊಡ್ಡ ಕಪಟಿಗಳಾಗುತ್ತಿದ್ದೆವು. ಆದ್ದರಿಂದ ನಮ್ಮ ಮನೆಯ ಮಾತು ಒಂದು.

ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆ ಮಾರಾಟವಾಯಿತು. ಅಪ್ಪನ ಕೊನೆಯ ಎರಡು ವರ್ಷ ನೋಡಿಕೊಂಡವನು ಅಣ್ಣ. ಇಲ್ಲಿ ಕೂತಿದ್ದ ನಾವು ಲೆಕ್ಕ ಕೇಳಿದೆವು. ಕೇಳಿದ್ದು ತಪ್ಪಲ್ಲ, ಕೇಳಿದ ರೀತಿ ತಪ್ಪು. ಎರಡು ಪುಟದ ಒಂದು ಕಾಗದ. ಅದರಲ್ಲಿ ಆಡಬಾರದ ಒಂದು ಪದವಿತ್ತು. ಹಣ ಅಪ್ಪನ ಆಸ್ಪತ್ರೆಗೆ ಹೋಗಿತ್ತು ಎಂದು ಆಮೇಲೆ ಅತ್ತಿಗೆಯಿಂದ ತಿಳಿಯಿತು. ಅಣ್ಣ ಜಗಳವಾಡಲಿಲ್ಲ, ಉತ್ತರ ಬರೆಯಲಿಲ್ಲ, ಮಾತು ಬಿಟ್ಟ. ಏಳು ವರ್ಷ.

ಏಳನೇ ವರ್ಷದ ಸಂಕ್ರಾಂತಿಗೆ, ಇಲ್ಲಿಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಅವನು ಎಳ್ಳು ಬೆಲ್ಲ ಕಳಿಸಿದ. ಕೊಬ್ಬರಿಯನ್ನು ಅಮ್ಮ ಹೆಚ್ಚುತ್ತಿದ್ದ ಹಾಗೆಯೇ ಸಣ್ಣಗೆ ಹೆಚ್ಚಿದ್ದನಂತೆ. 'ಅಂತೆ' ಏಕೆಂದರೆ ನಾವು ನೋಡಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೀಜ, ಕೊಬ್ಬರಿ ಎಂದು ಆ ಪೊಟ್ಟಣವನ್ನು ಕಸದ ಡಬ್ಬಕ್ಕೆ ಹಾಕಿದರು. ಅದು ಅವರ ಕೆಲಸ, ದೂರಿಲ್ಲ. ತಂದವರು ನೊಂದುಕೊಂಡು ಹೇಳಿದರು. ವಸ್ತು ಬರದಿದ್ದರೂ ಸುದ್ದಿ ಬಂತು. ಅಣ್ಣ ಹೊಟ್ಟೆಗೆ ಹಾಕಿಕೊಂಡ, ಎಲ್ಲ ಸರಿಹೋಯಿತು ಎಂದು ನಾವು ಹಿಗ್ಗಿದೆವು. ಫೋನು ಶುರುವಾಯಿತು. ಮಳೆ, ಮಕ್ಕಳು, ಮಂಡಿನೋವು ಎಲ್ಲ ಮಾತಾಡಿದೆವು. ಆ ಕಾಗದದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

'ಶರಪಂಜರ' ನೋಡಿದ ಮಾರನೆಯ ದಿನ, ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಅಲ್ಲಿ ಬೆಳಗ್ಗೆ ಒಂಬತ್ತೂವರೆ, ಫೋನು ಮಾಡಿದೆವು. ಗಂಟಲು ಕಟ್ಟಿತ್ತು. "ಅಣ್ಣ, ಆ ಕಾಗದದಲ್ಲಿ ನಿನ್ನನ್ನ ಕಳ್ಳ ಅಂದೆ. ಅದು ತಪ್ಪು. ಅಪ್ಪನ್ನ ನೋಡ್ಕೊಂಡೋನು ನೀನು. ನಾನು ಇಲ್ಲಿ ಕೂತು ಲೆಕ್ಕ ಹಾಕ್ದೆ. ಕ್ಷಮಿಸು."

ಆ ಕಡೆ ಕುಕ್ಕರ್ ಕೂಗಿತು. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಿರಲಿ, ನಿಂದು ಊಟ ಆಯ್ತಾ?" ಎಂದ. ವಾರ್ಡಿನಲ್ಲಿದ್ದ ಅಜ್ಜಿಯ ಮಾತೇ! ಆಯ್ತು ಎಂದೆವು, ಆಗಿರಲಿಲ್ಲ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಆ ಕಾಗದ ಇನ್ನೂ ಬೀರುವಿನಲ್ಲೇ ಇದೆ ಕಣೋ. ಇವತ್ತು ಹರಿದು ಹಾಕ್ತೀನಿ."

ಎಳ್ಳು ಬೆಲ್ಲ ಕಳಿಸಿದ ಮೇಲೂ ಆ ಕಾಗದ ಬೀರುವಿನಲ್ಲಿತ್ತು. ಹೊಟ್ಟೆಗೆ ಹಾಕಿಕೊಂಡದ್ದು ಎಲ್ಲಿ ಹೋಗುತ್ತದೆ ಎಂದು ನಮಗೆ ಆಗ ಗೊತ್ತಾಯಿತು.

ಬಂಧುಗಳೇ, ನಮ್ಮ ಊರಿನ ಊಟವನ್ನು ಬಿಡಬೇಡಿ, ಇಲ್ಲಿನ ಪದಕ್ಕೂ ಹೆದರಬೇಡಿ. ಮೊದಲು ಪದ, ಆಮೇಲೆ ಊಟ. ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ನಿಮ್ಮ ಬಾಕಿ ಯಾವುದಾದರೂ ನೆನಪಾದರೆ, ಪತ್ರಿಕೆಯನ್ನು ಪಕ್ಕಕ್ಕಿಟ್ಟು ಒಂದು ಫೋನು ಮಾಡಿ. ನಮ್ಮ ಮಾತು ಒಪ್ಪಿಗೆಯಾಗದಿದ್ದರೆ ಸಂಪಾದಕರಿಗೆ ಬರೆಯಿರಿ. ದಯವಿಟ್ಟು ಹೊಟ್ಟೆಗೆ ಮಾತ್ರ ಹಾಕಿಕೊಳ್ಳಬೇಡಿ.